ಮಧ್ಯಾಹ್ನದ ಪಾಠ

ಹಿನ್ನೀರಿನ ದಂಡೆಯಲ್ಲಿರುವ ಆ ಮೀನುಗಾರರ ಸಂಘದ ಕಚೇರಿ ಎಂದರೆ ಒಂದೇ ಕೋಣೆ. ಒಂದು ಟೇಬಲ್ಲು, ಮೂರು ಕುರ್ಚಿ, ಮೂಲೆಯಲ್ಲಿ ಹರಿದ ಬಲೆಗಳ ರಾಶಿ, ಎದುರು ಗೋಡೆಗೆ ಗಾಜಿನ ಕಟ್ಟು ಹಾಕಿಸಿ ತೂಗುಬಿಟ್ಟ ಒಂದು ಪ್ರಮಾಣಪತ್ರ. ಬಂದವರು ಬೇರೇನೂ ನೋಡದಿದ್ದರೂ ಅದನ್ನು ನೋಡಲೇಬೇಕಿತ್ತು. ನೋಡದೆ ಕೂತವರಿಗೆ ಅಧ್ಯಕ್ಷ ಶಾಂತಪ್ಪ ತಾನೇ ಎದ್ದುಹೋಗಿ, ಗಾಜಿನ ಧೂಳು ಒರೆಸುವ ನೆಪದಲ್ಲಿ ತೋರಿಸುತ್ತಿದ್ದ. ಭೀಮರಾಯನಗುಡಿಯಲ್ಲಿ ನಡೆದ ಒಂದು ದಿನದ ತರಬೇತಿ: ಮೀನುಮರಿಗಳ ಸಾಗಾಣಿಕೆ ಮತ್ತು ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರಿನ ಸುರಕ್ಷಿತ ಬಳಕೆ. 'ಯಶಸ್ವಿಯಾಗಿ ಪೂರೈಸಿರುತ್ತಾರೆ' ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿ, ಮೊಹರು, ಎಲ್ಲವೂ ಸರಿಯಾಗಿಯೇ ಇದ್ದವು.

ಈಗ ಎರಡು ತಿಂಗಳಿಂದ ಶಾಂತಪ್ಪ ತನ್ನ ಕುರ್ಚಿಯನ್ನು ತಿರುಗಿಸಿಕೊಂಡು, ಆ ಗೋಡೆಗೆ ಬೆನ್ನುಹಾಕಿ ಕೂಡುತ್ತಾನೆ.

ನಿಜ ಹೇಳಬೇಕೆಂದರೆ ಶಾಂತಪ್ಪ ಪೂರೈಸಿದ್ದು ಅರ್ಧ ದಿನದ ತರಬೇತಿಯನ್ನು. ಬೆಳಿಗ್ಗೆ ಕಾಟ್ಲಾ ಮರಿ ಯಾವುದು, ರೋಹು ಮರಿ ಯಾವುದು, ಡ್ರಮ್ಮಿನ ನೀರಿನಲ್ಲಿ ಎಷ್ಟು ಮರಿ ಬಿಡಬೇಕು ಎಂಬುದನ್ನೆಲ್ಲ ಮುಂದಿನ ಸಾಲಿನಲ್ಲಿ ಕೂತು ಕೇಳಿದ. ಹುಟ್ಟಿದಾಗಿನಿಂದ ನೀರಿನಲ್ಲೇ ಇದ್ದವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಊಟವಾದ ಮೇಲೆ ಸಿಲಿಂಡರಿನ ಪಾಠ ಇತ್ತು. ಅದೇ ಹೊತ್ತಿಗೆ ಶಾಂತಪ್ಪನಿಗೆ ಶಹಾಪುರದ ದರ್ಜಿಯ ನೆನಪಾಯಿತು. ಹಿನ್ನೀರಿನ ನಡುವೆ ಬಲೆಯ ಪಂಜರ ಕಟ್ಟಿ ಮೀನು ಸಾಕುವ ಹೊಸ ಕೆಲಸ ಸಂಘಕ್ಕೆ ಸಿಕ್ಕಿತ್ತು. ಮೊದಲ ಮರಿಗಳನ್ನು ಬಿಡುವ ದಿನ ಫೋಟೋ ತೆಗೆಯುತ್ತಾರೆ. ಅಧ್ಯಕ್ಷನಾದವನು ಹಳೇ ಅಂಗಿಯಲ್ಲಿ ನಿಲ್ಲುವುದೆಂದರೆ ಹೇಗೆ? ಶಹಾಪುರವೇನು ದೂರವೇ, ಅರ್ಧ ತಾಸಿನಲ್ಲಿ ಬಂದುಬಿಡುತ್ತೇನೆ ಎಂದು ಎದ್ದ. ಬಿಳಿ ಅಂಗಿಗೆ ಅಳತೆ ಕೊಟ್ಟ. ಕಾಲರು ಹೀಗಿರಬೇಕು, ಕಿಸೆ ಹಾಗಿರಬೇಕು ಎಂದು ದರ್ಜಿಯ ತಲೆ ತಿಂದ. ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಮಿರ್ಚಿ ಭಜಿ ತಿಂದು ಎರಡು ಸಲ ಚಹಾ ಕುಡಿದ. ಮರಳಿ ಬಂದಾಗ ಐದು ಗಂಟೆ. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನೂ ಎರಡನೇ ಸಾಲಿನಲ್ಲಿ ನುಸುಳಿ ನಿಂತ. ಪ್ರಮಾಣಪತ್ರದ ಜೊತೆ ಒಂದು ಮಡಚಿದ ಕೈಪತ್ರವನ್ನೂ ಕೊಟ್ಟರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದ. ಕೈಪತ್ರವನ್ನು ಫೈಲಿನಲ್ಲಿ ತುರುಕಿದ, ಬಿಡಿಸಿಯೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ಮಾತ್ರ, ಆ ಇಡೀ ತಾಲೂಕಿನಲ್ಲಿ ಆಕ್ಸಿಜನ್ನಿನ ಬಗ್ಗೆ ತನಗಿಂತ ಹೆಚ್ಚು ತಿಳಿದವರಿಲ್ಲ ಎಂಬ ಹಾಗೆ ಮಾತಾಡಿದ.

ಮರಿ ಬಿಡುವ ದಿನ ಶ್ರಾವಣದಲ್ಲಿ ಬಂತು. ದಂಡೆಯಿಂದ ಪಂಜರದವರೆಗೆ ದೋಣಿಯಲ್ಲಿ ಒಂದು ತಾಸಿನ ಹಾದಿ. ಅಷ್ಟು ಹೊತ್ತು ಡ್ರಮ್ಮಿನ ಇಕ್ಕಟ್ಟಿನಲ್ಲಿ ಮರಿಗಳು ಬದುಕಬೇಕಾದರೆ ಸಿಲಿಂಡರಿನಿಂದ ಒಂದು ಸಣ್ಣ ಪೈಪು ಎಳೆದು ನೀರಿಗೆ ಆಕ್ಸಿಜನ್ ಬಿಡುತ್ತಿರಬೇಕು. ಆಳೆತ್ತರದ ಸಿಲಿಂಡರನ್ನು ನಾಲ್ಕು ಜನ ಹೊತ್ತು ದೋಣಿಯಲ್ಲಿಟ್ಟು, ಉರುಳದಂತೆ ಹಗ್ಗದಿಂದ ಬಿಗಿದರು. ಅದರ ಬಾಯಿಗೆ ಕೂಡಿಸಿ ಆಕ್ಸಿಜನ್ ಅಳೆದು ಬಿಡುವ ಹಿತ್ತಾಳೆಯ ಮೀಟರನ್ನು ಅಯ್ಯಪ್ಪ ಕೈಯಲ್ಲಿ ಹಿಡಿದು ದೋಣಿ ಹತ್ತಿದ.

ಅಯ್ಯಪ್ಪ ಶಾಂತಪ್ಪನಿಗಿಂತ ಆರು ವರ್ಷಕ್ಕೆ ಚಿಕ್ಕವನು. ಚಿಕ್ಕಂದಿನಿಂದ ಒಂದೇ ದೋಣಿಯಲ್ಲಿ ಬಲೆ ಎಳೆದವರು. ನೀರಿನ ಮೇಲೆ ಅಯ್ಯಪ್ಪನಷ್ಟು ಚುರುಕಿನ ಕೈ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಮೊದಲು ಅವನ ಬಾಯಲ್ಲಿ ಯಾವಾಗಲೂ ಒಂದು ಬೀಡಿ ಇರುತ್ತಿತ್ತು. ಮೂರು ವರ್ಷದ ಹಿಂದೆ ಮಗಳು ಶಿವಾನಿಗೆ ಜ್ವರ ನೆತ್ತಿಗೇರಿ, ಉಳಿಯುತ್ತಾಳೋ ಇಲ್ಲವೋ ಅನ್ನುವಂತಾದಾಗ, ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ಬೀಡಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಮಗಳು ಉಳಿದಳು. ಅವನೂ ಮುಟ್ಟಲಿಲ್ಲ.

ಆ ಊರಿನ ಅಂಬಿಗರಲ್ಲಿ ಒಂದು ರೂಢಿ ಉಂಟು. ನೀರಿಗಿಳಿಯುವ ಯಾವ ಹೊಸ ಸಾಮಾನೂ ಒಣಗಿದ್ದಂತೆಯೇ ಇಳಿಯಬಾರದು. ದೋಣಿಯಿರಲಿ, ಹುಟ್ಟಿರಲಿ, ಲಂಗರಿರಲಿ, ಮೊದಲು ಔಡಲ ಎಣ್ಣೆ ಉಣಿಸಬೇಕು. ಡೀಸೆಲ್ ಮೋಟರು ಬಂದಾಗ ಅದಕ್ಕೂ ಉಣಿಸಿದರು, ಮೋಟರು ಚೆನ್ನಾಗಿಯೇ ಓಡಿತು. ಈ ಕೆಲಸ ಎಲ್ಲರಿಗಿಂತ ಹಿರಿಯಳಾದ ಸುಗಲಮ್ಮನದು. ಅವತ್ತೂ ಅವಳು ಹಿತ್ತಾಳೆಯ ಬಟ್ಟಲಿನಲ್ಲಿ ಎಣ್ಣೆ ತಂದು, ದೋಣಿಯ ಮೂತಿಗೆ ಹಚ್ಚಿ, ಉಳಿದದ್ದನ್ನು ಅಯ್ಯಪ್ಪನ ಕೈಗೆ ಕೊಟ್ಟು ದಂಡೆಗೆ ಹತ್ತಿದಳು.

ಶಾಂತಪ್ಪ ಹೊಸ ಬಿಳಿ ಅಂಗಿ ತೊಟ್ಟು, ಅದಕ್ಕೆ ಕೆಸರು ಸಿಡಿಯದಷ್ಟು ದೂರದಲ್ಲಿ, ದಂಡೆಯ ಮೇಲೆ ನಿಂತಿದ್ದ.

"ಶಾಂತಣ್ಣಾ," ಎಂದು ಅಯ್ಯಪ್ಪ ದೋಣಿಯಿಂದಲೇ ಕೂಗಿದ, "ಇದು ಬಾಳ ಬಿಗಿ ಅದ. ಮೀಟರ್ ಸರಿ ಕೂಡವಲ್ದು. ಇದಕ್ಕೂ ಎಣ್ಣಿ ಹಚ್ಚಲೇನು? ನೀ ಟ್ರೇನಿಂಗ್ ಮಾಡಿ ಬಂದಿ, ನೀನ ಹೇಳು."

ದಂಡೆಯ ಮೇಲೆ ನಲವತ್ತು ಜನ ಇದ್ದರು. ಎಲ್ಲರೂ ಶಾಂತಪ್ಪನ ಕಡೆ ತಿರುಗಿದರು. ಗೊತ್ತಿಲ್ಲ ಎಂಬ ಒಂದು ಮಾತು ಅವನ ಬಾಯಿಯವರೆಗೂ ಬಂದಿತ್ತು. ಬಂದದ್ದನ್ನು ನುಂಗಿದ.

"ಹಚ್ಚೋ ತಮ್ಮಾ, ಅದನ್ನೇನ್ ಕೇಳ್ತಿ! ಎಣ್ಣಿ ಇಲ್ಲದ ಮಷೀನ್ ಎಲ್ಯಾರ ಅದ ಏನು?"

ಜನ ನಕ್ಕರು. ಸುಗಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಯ್ಯಪ್ಪ ದಂಡೆಗೆ ಬೆನ್ನು ಮಾಡಿ ಬಗ್ಗಿದ. ಅವನ ಮೊಣಕೈ ಆಡುವುದು ಮಾತ್ರ ಕಾಣುತ್ತಿತ್ತು. ಎಣ್ಣೆ ಹಚ್ಚಿದ, ಮೀಟರು ಕೂಡಿಸಿದ, ನಟ್ಟಿಗೆ ಪಾನಾ ಹಾಕಿ ಬಿಗಿದ, ಸಿಲಿಂಡರಿನ ಕೀಲಿ ತಿರುಗಿಸಿದ. ಭಗ್ ಎಂದು ಒಂದು ಸದ್ದಾಯಿತು, ಹಗಲಲ್ಲೂ ಕಣ್ಣು ಕುಕ್ಕುವಂಥ ಬೆಳಕು ಹಾಯಿತು, ಅಯ್ಯಪ್ಪ ಉರಿಯುವ ತೋಳಿನೊಂದಿಗೇ ನೀರಿಗೆ ಬಿದ್ದ. ನೀರಿಗೆ ಬಿದ್ದದ್ದರಿಂದಲೇ ಜೀವ ಉಳಿಯಿತು. ಮೀಟರು ಕಿತ್ತು ಹಾರಿತ್ತು. ಸಿಲಿಂಡರು ಖಾಲಿಯಾಗುವವರೆಗೂ ಬುಸುಗುಟ್ಟುತ್ತಿತ್ತು. ಮರಿಗಳೆಲ್ಲ ಡ್ರಮ್ಮಿನಲ್ಲೇ ಸತ್ತವು.

ಅಯ್ಯಪ್ಪನನ್ನು ಎತ್ತಿ ದಂಡೆಗೆ ತಂದಾಗ ಬಲಗೈ ಮೊಣಕೈಯವರೆಗೆ ಬೆಂದಿತ್ತು, ಒಂದು ಕಡೆಯ ಹುಬ್ಬು ಇರಲಿಲ್ಲ. ಯಾರೋ ಚೀರಿದರು: "ಬೆಂಕಿ ಹ್ಯಾಂಗ ಬಂತೋ? ನೀರಿನ್ಯಾಗ ಬೆಂಕಿ ಹ್ಯಾಂಗ ಬಂತು?"

"ಬೀಡಿ ಹಚ್ಚಿದ್ದನೋ ಏನೋ," ಎಂದ ಶಾಂತಪ್ಪ.

ಇದನ್ನು ಅವನು ಯೋಚಿಸಿ ಆಡಿದ್ದಲ್ಲ. ಏನಾದರೂ ಅನ್ನಬೇಕಿತ್ತು, ಅಂದ. ಅದರಲ್ಲೊಂದು 'ಏನೋ' ಕೂಡ ಇತ್ತು. ಆದರೆ ಜನರ ಬಾಯಿಂದ ಬಾಯಿಗೆ ಹೋಗುವಾಗ ಆ 'ಏನೋ' ಎಲ್ಲಿ ಉದುರಿತೋ. ಅಯ್ಯಪ್ಪನನ್ನು ಹೊತ್ತ ಟಂಟಂ ಆಟೋ ಸುರಪುರದ ದವಾಖಾನೆ ಮುಟ್ಟುವಷ್ಟರಲ್ಲಿ, ಅಯ್ಯಪ್ಪ ಸಿಲಿಂಡರಿನ ಪಕ್ಕದಲ್ಲಿ ಕೂತು ಬೀಡಿ ಸೇದಿದನಂತೆ ಎಂದು ಊರಿಗೆ ಊರೇ ಹೇಳುತ್ತಿತ್ತು. ಇಬ್ಬರು ಹೊಗೆಯನ್ನೂ ನೋಡಿದ್ದರು.

ಮರುದಿನ ಬೆಳಿಗ್ಗೆ ಶಾಂತಪ್ಪ ಫೈಲು ತೆಗೆದ. ಮಡಚಿದ ಕೈಪತ್ರ ಇಟ್ಟಲ್ಲೇ ಇತ್ತು. ಬಿಡಿಸಿದ. ಮೊದಲಿಗೇ ಒಂದು ಚಿತ್ರ: ಎಣ್ಣೆಯ ಡಬ್ಬಿ, ಅದರ ಮೇಲೆ ಅಡ್ಡಡ್ಡ ಎರಡು ಕೆಂಪು ಗೆರೆ. ಅಕ್ಷರ ಬಾರದವರಿಗೂ ತಿಳಿಯುವ ಹಾಗಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಸಿಲಿಂಡರಿನ ಬಾಯಿಗೆ, ಮೀಟರಿಗೆ ಎಣ್ಣೆ, ಗ್ರೀಸು ತಾಗಿಸಲೇಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಕಿಡಿ ಇಲ್ಲದೆಯೂ ಬೆಂಕಿ ಹೊತ್ತುತ್ತದೆ. ಎಣ್ಣೆ ಆದ ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡೇ ಮುಟ್ಟಿ. ಕೀಲಿಯನ್ನು ಮೆಲ್ಲಗೆ, ಮುಖ ಪಕ್ಕಕ್ಕೆ ತಿರುಗಿಸಿ ತೆರೆಯಿರಿ.'

ಶಾಂತಪ್ಪ ನಾಲ್ಕು ಸಲ ಓದಿದ. ಓದಿದಷ್ಟು ಸಲವೂ ದರ್ಜಿಯ ಟೇಪು ತನ್ನ ಹೆಗಲ ಮೇಲೆ ಹರಿದಾಡಿದ್ದು ನೆನಪಾಯಿತು. ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಈಗಲೇ ದವಾಖಾನೆಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡ. ಅಯ್ಯಪ್ಪ ಮೊದಲು ಚೇತರಿಸಿಕೊಳ್ಳಲಿ ಎಂದೂ ಅಂದುಕೊಂಡ. ಎರಡನೆಯದು ಹೆಚ್ಚು ಸಲೀಸಾಗಿತ್ತು. ಕೈಪತ್ರವನ್ನು ಗಾಜಿನ ಕಟ್ಟಿನ ಹಿಂದೆ ಸಿಕ್ಕಿಸಿ, ಕುರ್ಚಿ ತಿರುಗಿಸಿಕೊಂಡು ಕೂತ.

ವಾರದ ಮೇಲೆ ಖಾಲಿ ಸಿಲಿಂಡರನ್ನೂ ಸುಟ್ಟ ಮೀಟರನ್ನೂ ಶಹಾಪುರಕ್ಕೆ ಒಯ್ದ. ಸಿಲಿಂಡರಿನ ಅಂಗಡಿಯ ಮಸರತ ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ಸಂದಿನೊಳಗೆ ಬೆರಳಾಡಿಸಿ ಮೂಸಿದ.

"ಯಾರ್ರೀ ಇದಕ್ಕ ತೇಲ್ ಹಚ್ಚಿದ್ದು?"

"ಯಾರಿಗ್ಗೊತ್ರಿ," ಎಂದ ಶಾಂತಪ್ಪ, ನೆಲ ನೋಡುತ್ತ.

"ಜಾನ್ ಹೋಗ್ತಿತ್ತು ನೋಡ್ರಿ. ನಿಮ್ಮ ಮಂದಿಗೆ ಬರೋಬ್ಬರಿ ತಿಳಿಸಿ ಹೇಳ್ರಿ. ನೀವು ಟ್ರೇನಿಂಗ್ ಮಾಡಿದವರು."

ಮಸರತನದು ಬರೀ ಕಾಳಜಿಯ ಮಾತು. ಆದರೆ ಶಾಂತಪ್ಪನಿಗೆ ಬಜಾರಿನಲ್ಲಿ ನಿಲ್ಲಿಸಿ ಕೆನ್ನೆಗೆ ಹೊಡೆದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಕಿಟಕಿಯ ಹೊರಗೇ ನೋಡಿದ. ಭತ್ತದ ಗದ್ದೆಗಳು ಹೋದವು, ಕಾಲುವೆ ಹೋಯಿತು, ಒಂದೂ ಅವನ ಕಣ್ಣಿಗೆ ಬೀಳಲಿಲ್ಲ.

ಅಯ್ಯಪ್ಪ ಮೂರು ವಾರಕ್ಕೆ ಮನೆಗೆ ಬಂದ. ಶಾಂತಪ್ಪ ಬಾಳೆಹಣ್ಣು ಹಿಡಿದು ನೋಡಲು ಹೋದ. ಅವತ್ತು ಹೇಳುವುದೆಂದೇ ಹೋಗಿದ್ದ, ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದ. ಅಯ್ಯಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ, ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ಅವನ ಹೆಂಡತಿ ಮಾನಮ್ಮ ಒಳಗಿನಿಂದ ನೀರು ತಂದುಕೊಟ್ಟಳು. ಗಂಡನ ಎದುರಿಗೇ ಹಾದರೂ ಅವನ ಕಡೆ ನೋಡಲಿಲ್ಲ.

"ನೋಡ್ರಿ ಅಣ್ಣಾ," ಎಂದಳು ಶಾಂತಪ್ಪನಿಗೆ, "ಕೈ ಸುಟ್ಟದ್ದಕ್ಕ ನಾ ಅಳವಲ್ಲೆ. ಕೈ ಇಂದಲ್ಲ ನಾಳಿ ಮಾಯ್ತದ. ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದವರು, ಕದ್ದು ಬೀಡಿ ಸೇದ್ಯಾರಲ್ಲ, ಅದಕ್ಕ ಅಳ್ತೀನಿ. ಮೊನ್ನಿಂದ ಶಿವಾನಿಗೆ ಮೈ ಬೆಚ್ಚಗ ಆಗ್ಯಾದ. ಇನ್ನೇನು ಕಾದದೋ ಏನೋ. ಆಕಿ ತಲಿ ಮುಟ್ಟಬ್ಯಾಡ್ರಿ ಅಂತ ಹೇಳೀನಿ ನಾ."

ಅವಳು ಒಳಗೆ ಹೋದಳು. ಶಾಂತಪ್ಪ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟ. ಈಗ, ಈಗ ಹೇಳು, ಎಂದು ಒಳಗೊಂದು ಮನಸ್ಸು ತಿವಿಯುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಅಯ್ಯಪ್ಪ ತಗ್ಗಿದ ದನಿಯಲ್ಲಿ ಕೇಳಿದ:

"ಶಾಂತಣ್ಣಾ, ನೀ ದಂಡಿ ಮ್ಯಾಲಿಂದ ನೋಡಾಕತ್ತಿದ್ದಿ. ಖರೇ ಹೇಳು. ನಾ ಬೀಡಿ ಹಚ್ಚಿದ್ದೆನೇನು?"

"ನಿನ್ನ ಬೆನ್ನು ಈ ಕಡೆ ಇತ್ತಲ್ಲೋ," ಎಂದ ಶಾಂತಪ್ಪ.

"ಹೌದು. ನನಗ ಕೀಲಿ ತಿರುವಿದ್ದು ನೆನಪದ, ಮುಂದಿನದು ನೆನಪಿಲ್ಲ. ಕಿಸೆದಾಗ ಬೀಡಿ ಇಟ್ಟಂವ ಅಲ್ಲ ನಾ. ಆದ್ರ ಅಷ್ಟು ಮಂದಿ ಅಂತಾರಂದ್ರ ಸುಳ್ಳು ಹ್ಯಾಂಗ ಆದೀತು? ಬೆಂಕಿ ಎಲ್ಲಿಂದರೆ ಬರಬೇಕಲ್ಲ. ಯಾರ್ರೆ ಕೊಟ್ಟಿದ್ದರೇನೋ, ಖಬರಿಲ್ಲದ ಹಚ್ಚಿದ್ದೆನೇನೋ. ನನ್ನ ಕೈಯ್ಯಾಗಿಂದ ಅಂಥಾದ್ದು ಆಗ್ಯಾದಂದ್ರ ಆ ಕೂಸಿನ ಮುಖ ಹ್ಯಾಂಗ ನೋಡ್ಲಿ ಹೇಳು."

ಬೈಯುತ್ತಾನೆ, ಬೀಡಿ ಸೇದಿಲ್ಲ ಎಂದು ಜಗಳ ತೆಗೆಯುತ್ತಾನೆ ಎಂದು ಶಾಂತಪ್ಪ ಎಣಿಸಿದ್ದ. ಆದರೆ ಅಯ್ಯಪ್ಪ ತಾನು ಮಾಡದ ತಪ್ಪನ್ನು ಹುಡುಕಿ ಹುಡುಕಿ ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದ. ಇಂಥವನ ಎದುರು ಕೂತು ಸುಮ್ಮನಿರುವವನನ್ನು ಮನುಷ್ಯ ಎನ್ನಬೇಕೇ? ಶಾಂತಪ್ಪ ಬಾಳೆಹಣ್ಣಿನ ಚೀಲವನ್ನು ಕಂಬದ ಹತ್ತಿರ ಸರಿಸಿ ಎದ್ದುಬಂದ.

ಮುಂದಿನ ಶನಿವಾರ ಅಯ್ಯಪ್ಪ ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಹಣಮಪ್ಪನ ಗುಡಿಯವರೆಗೆ ದೀಡ ನಮಸ್ಕಾರ ಹಾಕಿದ. ನೆಲಕ್ಕೆ ಉದ್ದಕ್ಕೂ ಬೀಳುವುದು, ಎದ್ದು, ಚಾಚಿದ ಕೈ ಮುಟ್ಟಿದಲ್ಲಿ ನಿಲ್ಲುವುದು, ಮತ್ತೆ ಬೀಳುವುದು. ಬಲಗೈ ಊರಲು ಬರುತ್ತಿರಲಿಲ್ಲ. ಎಡಗೈಯೊಂದರ ಮೇಲೆ ಭಾರ ಹಾಕಿ ಬೀಳುತ್ತಿದ್ದ. ಬಟ್ಟೆ ಸುತ್ತಿದ ಕೈ ಮಣ್ಣಾಗದಂತೆ ಎತ್ತಿ ಹಿಡಿಯುತ್ತಿದ್ದ. ಊರವರು ಬಾಗಿಲಲ್ಲಿ ನಿಂತು, ತಪ್ಪು ಮಾಡಿದವನು ತಪ್ಪೊಪ್ಪಿಕೊಂಡ, ಒಳ್ಳೇದೇ ಆಯಿತು ಎಂದರು. ಸಂಘದ ಕಚೇರಿಯ ಮುಂದೆಯೇ ಹಾದಿ. ಶಾಂತಪ್ಪ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ನಿಂತ. ಬಾಗಿಲ ಸಂದಿನಿಂದ ಆ ಎತ್ತಿದ ಕೈ ಒಂದೇ ಕಾಣುತ್ತಿತ್ತು. ಅದು ಹಾದುಹೋಗುವವರೆಗೂ ಅವನು ಅಗುಳಿ ಹಿಡಿದೇ ನಿಂತಿದ್ದ. ತನ್ನ ಬಗ್ಗೆ ತನಗೇ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಆದರೂ ಹೇಳಲಿಲ್ಲ. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಮೊದಲ ದಿನ ಹೇಳಿದ್ದರೆ ಒಂದೇ ತಪ್ಪು. ಈಗ ಎಣ್ಣೆಯದು, ಬೀಡಿಯದು, ಮಸರತನ ಎದುರಿನದು, ಪಡಸಾಲೆಯದು ಎಲ್ಲ ಸೇರಿ ಒಂದು ಹೊರೆಯಾಗಿತ್ತು.

ಮಹಾನವಮಿ ಮುಗಿದ ಮೇಲೆ ಎರಡನೇ ಸಲ ಮರಿ ಬರುವುದೆಂದಾಯಿತು. ಮಸರತನ ಅಂಗಡಿಯಿಂದ ಹೊಸ ಸಿಲಿಂಡರು, ಹೊಸ ಮೀಟರು ಬಂದವು. ಸಿಲಿಂಡರು ನೋಡಿಕೊಳ್ಳುವವರು ಯಾರು ಎಂದು ಸಂಘದ ಸಭೆಯಲ್ಲಿ ಮಾತು ಬಂದಾಗ, ಬೀಡಿ ಸೇದದ ಆಳು ಬೇಕು ಎಂದು ಒಬ್ಬ ನಗೆಯಾಡಿದ. ಅಯ್ಯಪ್ಪ ತಲೆ ತಗ್ಗಿಸಿದ. ಆಗ ಮಾನಮ್ಮ ಎದ್ದುನಿಂತಳು.

"ಅವರ ಜಾಗಾದಾಗ ನಾ ನಿಲ್ತೀನಿ. ನಾ ಅಂತೂ ಬೀಡಿ ಸೇದಂಗಿಲ್ಲ."

ಎಲ್ಲರೂ ಒಪ್ಪಿದರು. ಅಧ್ಯಕ್ಷನೂ ಒಪ್ಪಿದ. ಒಪ್ಪದೆ ಏನು ಮಾಡಬಲ್ಲ, ಒಪ್ಪದಿದ್ದರೆ ಕಾರಣ ಹೇಳಬೇಕಲ್ಲ. ಮಾನಮ್ಮನನ್ನು ಬೇರೆಯಾಗಿ ಕರೆದು, ಎಣ್ಣೆಗೈ ಮಾಡಿಕೊಳ್ಳಬೇಡ ತಂಗಿ ಎಂದು ಮೆಲ್ಲಗೆ ಒಂದು ಮಾತು ಹೇಳಿದರಾಯಿತು, ಕೆಲಸವೂ ಆಗುತ್ತದೆ, ಮಾನವೂ ಉಳಿಯುತ್ತದೆ ಎಂದು ಶಾಂತಪ್ಪ ಲೆಕ್ಕ ಹಾಕಿದ. ಹಾಕಿದ ಲೆಕ್ಕವೆಲ್ಲ ತನ್ನ ಮಾನದ ಸುತ್ತಲೇ ತಿರುಗುತ್ತಿದೆ ಎಂಬುದು ಅವನಿಗೂ ತಿಳಿದಿತ್ತು.

ಆ ದಿನ ಬೆಳಿಗ್ಗೆ ಗಾಜಿನ ಕಟ್ಟಿನ ಹಿಂದಿನಿಂದ ಕೈಪತ್ರ ತೆಗೆದು ಕಿಸೆಯಲ್ಲಿಟ್ಟುಕೊಂಡ. ಯಾಕೆ ಇಟ್ಟುಕೊಂಡೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಿಳಿ ಅಂಗಿ ಹಾಕಲಿಲ್ಲ, ಹಳೆಯದನ್ನೇ ಹಾಕಿದ. ಮಾನಮ್ಮನಿಗೆ ಹೇಳಬೇಕೆಂದಿದ್ದ ಮಾತನ್ನು ಮಾತ್ರ ಇನ್ನೂ ಹೇಳಿರಲಿಲ್ಲ.

ದಂಡೆಯಲ್ಲಿ ಹೋದ ಸಲದಷ್ಟೇ ಜನ. ಮರಿಗಳ ಲಾರಿ ಬಂದು ನಿಂತಿತ್ತು, ಡ್ರಮ್ಮುಗಳು ಆಗಲೇ ದೋಣಿ ಏರಿದ್ದವು, ಬೇಗ ಮಾಡಿರಿ, ಮರಿ ತಡೆಯಂಗಿಲ್ಲ ಎಂದು ಲಾರಿಯವನು ಕೂಗುತ್ತಿದ್ದ. ಅಯ್ಯಪ್ಪ ದೂರದಲ್ಲಿ ಒಂದು ಬಂಡೆಯ ಮೇಲೆ ಒಬ್ಬನೇ ಕೂತಿದ್ದ. ಬಟ್ಟೆ ಬಿಚ್ಚಿದ್ದ ಬಲಗೈ ಕೆಂಪಗೆ ಸುಕ್ಕುಗಟ್ಟಿತ್ತು, ಬೆರಳು ಮಡಚಿದರೆ ಪೂರ್ತಿ ಮಡಚುತ್ತಿರಲಿಲ್ಲ. ಶಿವಾನಿ ತಾಯಿಯ ಸೆರಗಿನ ಹತ್ತಿರ ನಿಂತಿದ್ದಳು, ಅಪ್ಪನಿಂದ ಬಲುದೂರ.

ಹೋದ ಸಲದ ಕೇಡು ಕಳೆಯಲೆಂದು ಈ ಸಲ ದೋಣಿಯ ಮೂತಿಗೆ ಮೊದಲ ಎಣ್ಣೆ ಅಧ್ಯಕ್ಷನ ಕೈಯಿಂದಲೇ ಹಚ್ಚಿಸಿದರು. ಶಾಂತಪ್ಪ ಎರಡೂ ಅಂಗೈ ತುಂಬ ಹಚ್ಚಿದ. ಮಾನಮ್ಮ ಹುಟ್ಟಿಗೆ ಹಚ್ಚಿದಳು, ಮೊಣಕೈಯವರೆಗೂ ಎಣ್ಣೆ ಮಿರಿಮಿರಿ ಹೊಳೆಯುತ್ತಿತ್ತು. ಆಮೇಲೆ ಅದೇ ಕೈಯಿಂದ ಪಾನಾ ಎತ್ತಿಕೊಂಡಳು. ಸುಗಲಮ್ಮ ಈ ಸಲ ಬಟ್ಟಲು ಬಿಟ್ಟು ತಂಬಿಗೆಯನ್ನೇ ತಂದಿದ್ದಳು.

"ಹೋದ ಸಲ ಎಣ್ಣಿ ಕಮ್ಮಿ ಆಗಿತ್ತವ್ವ," ಎಂದಳು. "ಹೊಳಿ ಗಂಗವ್ವ ಸಿಟ್ಟಾದಳು. ಈ ಸಲ ಆ ಸಿಲಿಂಡರಿಗೆ ಹೊಟ್ಟಿ ತುಂಬ ಉಣಸ್ತೀನಿ, ತಡಿ."

ಶಾಂತಪ್ಪ ಎರಡು ಹೆಜ್ಜೆ ಮುಂದೆ ಬಂದು, "ಬ್ಯಾಡ ಬ್ಯಾಡ, ಅದಕ್ಕ ಎಣ್ಣಿ ಬ್ಯಾಡ," ಎಂದ.

"ಯಾಕ?"

"ಇವತ್ತ... ದಿನ ಚಲೋ ಇಲ್ಲ. ಎಣ್ಣಿ ಉಣಸೋ ದಿನ ಅಲ್ಲಿದು."

ಎಂಥ ಹೇಡಿ ಮಾತು ಅದು! ಈಗಷ್ಟೇ ದೋಣಿಗೆ ಅಂಗೈ ತುಂಬ ಎಣ್ಣೆ ಹಚ್ಚಿದವನು ಆಡುವ ಮಾತೇ? ಸುಗಲಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಏನಂತಿ? ದೋಣಿಗೆ ಆಗ್ತದ, ಸಿಲಿಂಡರಿಗೆ ಆಗಂಗಿಲ್ಲೇನು? ಹೋದ ಸಲ ನೀನ ಅಂದಿ, ಇಲ್ಲೇ ನಿಂತು ಅಂದಿ, ಎಣ್ಣಿ ಇಲ್ಲದ ಮಷೀನ್ ಎಲ್ಯಾರ ಅದ ಏನು ಅಂತ. ಅಯ್ಯಪ್ಪ ಕೇಳಿ ಕೇಳಿನ ಹಚ್ಚಿದ. ನಾ ಮುದುಕಿ, ಆದ್ರ ಮರೆತಿಲ್ಲ ನೋಡು."

ಆ ಮಾತು ಅವಳು ಯಾವ ಕೆಟ್ಟ ಉದ್ದೇಶದಿಂದಲೂ ಆಡಿರಲಿಲ್ಲ. ಬಂಡೆಯ ಮೇಲೆ ಅಯ್ಯಪ್ಪ ತಲೆಯೆತ್ತಿದ. ಮಾನಮ್ಮ ಈ ಗದ್ದಲಕ್ಕೆ ಕಿವಿಗೊಡದೆ ದೋಣಿ ಹತ್ತಿ, ಪಾನಾ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಎಣ್ಣೆಗೈಯನ್ನು ಹೊಸ ಮೀಟರಿನ ಕಡೆ ಚಾಚುತ್ತಿದ್ದಳು.

"ಮಾನಮ್ಮಾ, ಮುಟ್ಟಬ್ಯಾಡ!"

ಶಾಂತಪ್ಪ ಚೀರಿದ ಚೀರಿಗೆ ಲಾರಿಯವನೂ ಸುಮ್ಮನಾದ. ಅಷ್ಟರಲ್ಲಿ ಶಾಂತಪ್ಪ ಮೊಣಕಾಲುದ್ದ ನೀರಿಗೆ ನುಗ್ಗಿ ದೋಣಿಯ ಅಂಚು ಹಿಡಿದಿದ್ದ.

"ಇಡು ತಂಗಿ, ಆ ಪಾನಾ ಕೆಳಗ ಇಡು. ಕೈಗೆ ಎಣ್ಣಿ ಆಗ್ಯಾದ ನಿನ್ನದು. ಬೆಂಕಿ ಹತ್ತತದ. ಹೋದ ಸಲ ಹತ್ತಿದ್ದೂ ಹಾಂಗ." ಜನರ ಕಡೆ ತಿರುಗಿ ಉಳಿದದ್ದನ್ನೂ ಹೇಳಿದ. "ಬೀಡಿಲಿಂದಲ್ಲ. ಅಂವ ಬೀಡಿ ಸೇದಿಲ್ಲ. ಬೀಡಿ ಅಂತ ಮೊದಲ ಅಂದಂವ ನಾನ."

ಶಾಂತಪ್ಪ ನೀರಿನಲ್ಲಿ ನಿಂತೇ ಕಿಸೆಯಿಂದ ಕೈಪತ್ರ ತೆಗೆದ. ಎಣ್ಣೆಗೈ ತಾಗಿ ಕಾಗದದ ತುಂಬ ಕಲೆಯಾಯಿತು. ಜೋರಾಗಿ ಓದಿದ. ಕೆಂಪು ಗೆರೆಯ ಚಿತ್ರವನ್ನು ಎತ್ತಿ ತೋರಿಸಿದ. ಆಮೇಲೆ, ಇದನ್ನು ಕಲಿಸುವ ಹೊತ್ತಿಗೆ ತಾನು ಶಹಾಪುರದಲ್ಲಿ ಅಂಗಿಗೆ ಅಳತೆ ಕೊಡುತ್ತಿದ್ದೆ ಎಂದು ಹೇಳಿದ. ಭಜಿ ತಿಂದದ್ದನ್ನೂ ಹೇಳಿದ. ಅದನ್ನು ಹೇಳುವ ಅಗತ್ಯವಿರಲಿಲ್ಲ, ಆದರೆ ಏನನ್ನಾದರೂ ಬಚ್ಚಿಟ್ಟುಕೊಳ್ಳುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

"ಬೆಂಕಿ ಹತ್ತಿದ ಮರುದಿನಾನ ನನಗ ಗೊತ್ತಾಗಿತ್ತು," ಎಂದ ಕಡೆಗೆ. "ಎರಡು ತಿಂಗಳು ಆತು. ದೀಡ ನಮಸ್ಕಾರ ಹಾಕೋದನ್ನೂ ಬಾಗಲಾ ಮುಚ್ಚಿಕೊಂಡು ನೋಡಿದೆ."

ಸುಗಲಮ್ಮ ತಂಬಿಗೆಯನ್ನು ನೆಲಕ್ಕಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಗುಂಪಿನಲ್ಲಿ ಯಾರೋ ಥೂ ಎಂದು ಉಗುಳಿದ್ದು ಕೇಳಿಸಿತು. ಶಾಂತಪ್ಪ ಯಾರೆಂದು ನೋಡಲಿಲ್ಲ. ಮಾನಮ್ಮ ಪಾನಾ ಕೆಳಗಿಟ್ಟು ದೋಣಿಯಿಂದಿಳಿದಳು. ಅವನ ಪಕ್ಕದಲ್ಲೇ ಹಾದುಹೋದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ನೇರ ಬಂಡೆಯವರೆಗೆ ಹೋಗಿ ಗಂಡನ ಎದುರು ನಿಂತಳು. ಅಳು ಬಂತು. ತಿರುಗಿ ಮಗಳನ್ನು ಕರೆದಳು.

"ಶಿವಾನೀ, ಬಾ ಇಲ್ಲಿ. ಅಪ್ಪನ ಹತ್ರ ಕೂಡು."

ಹುಡುಗಿ ಓಡಿಹೋಗಿ ಅಪ್ಪನಿಗೆ ಅಂಟಿಕೊಂಡು ಕೂತಳು. ಅಯ್ಯಪ್ಪ ಸುಟ್ಟ ಕೈಯನ್ನು ಎತ್ತಿ, ಅರ್ಧಕ್ಕೆ ತಡೆದು, ಹೆಂಡತಿಯ ಮುಖ ನೋಡಿದ. ಮಾನಮ್ಮ ಕಣ್ಣೊರೆಸಿಕೊಳ್ಳುತ್ತ ಹೂಂ ಎಂದಳು. ಮಡಚಲು ಬಾರದ ಆ ಬೆರಳುಗಳನ್ನು ಅವನು ಮಗಳ ತಲೆಯ ಮೇಲಿಟ್ಟ. ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದ.

"ಮರಿ ಸಾಯ್ತಾವ್ರಿ," ಎಂದ ಲಾರಿಯವನು, ಮೆತ್ತಗೆ.

ಅಯ್ಯಪ್ಪ ಎದ್ದ. ದಂಡೆಯವರೆಗೆ ನಡೆದುಬಂದ. ಶಾಂತಪ್ಪ ಇನ್ನೂ ನೀರಿನಲ್ಲೇ ನಿಂತಿದ್ದ. ಹೊಡೆಯುತ್ತಾನೆ ಎಂದುಕೊಂಡ. ಹೊಡೆದರೆ ಹೊಡೆಯಲಿ ಎಂದು ಮುಖ ತಗ್ಗಿಸಿದ. ಅಯ್ಯಪ್ಪ ಅವನ ಕೈಯಿಂದ ಕೈಪತ್ರ ಇಸಿದುಕೊಂಡು, ಎಡಗೈಯಲ್ಲಿ ಹಿಡಿದು, ಅಕ್ಷರ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ. ಓದಿ ಮುಗಿಸಿ ಸುಗಲಮ್ಮನ ಕಡೆ ತಿರುಗಿದ.

"ಸಬಕಾರ ಯಾರ ಹತ್ರ ಅದ?"

ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಯಾರೋ ಒಂದು ಸಾಬೂನಿನ ತುಂಡು ತಂದುಕೊಟ್ಟರು. ಅಯ್ಯಪ್ಪ ಅದನ್ನು ಶಾಂತಪ್ಪನ ಮುಂದೆ ಹಿಡಿದ. ಈ ಸಲ ಅಣ್ಣಾ ಎನ್ನಲಿಲ್ಲ.

"ಕೈ ತೊಳ್ಕೋ. ಇವತ್ತ ಕೀಲಿ ನೀ ತಿರುವು."

ಶಾಂತಪ್ಪ ಸಾಬೂನು ಹಿಡಿದು ಬಗ್ಗಿದ. ಊರೆಲ್ಲ ನೋಡುತ್ತಿರಲು ಅಂಗೈ, ಬೆರಳ ಸಂದು, ಉಗುರು, ಮೊಣಕೈಯವರೆಗೂ ತಿಕ್ಕಿ ತೊಳೆದ, ದೋಣಿಯಿಂದ ಪಾನಾ ಎತ್ತಿ ಅದನ್ನೂ ತೊಳೆದ. ಮಾನಮ್ಮ ಒಂದು ಒಣ ಬಟ್ಟೆ ಎಸೆದಳು. ಒರೆಸಿಕೊಂಡು ಎರಡೂ ಕೈಯನ್ನು ಅಯ್ಯಪ್ಪನ ಮುಂದೆ ಚಾಚಿದ. ಅಯ್ಯಪ್ಪ ಬಗ್ಗಿ ಮೂಸಿದ.

"ಇನ್ನೊಮ್ಮೆ."

ಮತ್ತೆ ತೊಳೆದ. ಚರ್ಮ ಕೆಂಪಾಗುವ ಹಾಗೆ ತಿಕ್ಕಿದ. ಮತ್ತೆ ಬಂದು ಕೈ ಚಾಚಿದ. ಅಯ್ಯಪ್ಪ ಮೂಸಿ ನೋಡಿ, ಆತು, ದೋಣಿ ಹತ್ತು ಎಂದ.

ಶಾಂತಪ್ಪ ದೋಣಿಗೆ ಕಾಲಿಡಲು ಹೋದವನು ನಿಂತ. ತನ್ನ ಅಂಗೈಯನ್ನು ತಾನೇ ಮೂಗಿನ ಹತ್ತಿರ ಹಿಡಿದ. ಸಾಬೂನಿನ ಚೂರು ಎತ್ತಿಕೊಂಡು, ಮೂರನೇ ಸಲ ತೊಳೆಯಲು ನೀರಿನ ಕಡೆ ತಿರುಗಿದ.